ಮೊಲಕ್ಕೆ ಕಣ್ಣಿಡುವ ಮುನ್ನ

ಕ್ರೋಷಾ ಕಡ್ಡಿಯಲ್ಲಿ ಉಲ್ಲನ್ ಹೆಣೆದು, ಒಳಗೆ ಹತ್ತಿ ತುಂಬಿ, ಅಂಗೈಯಗಲದ ಮೊಲವನ್ನೋ ಆನೆಮರಿಯನ್ನೋ ಮಾಡುವ ಕೆಲಸ ಈಚಿನ ವರ್ಷಗಳಲ್ಲಿ ನಮ್ಮ ಊರುಗಳ ಮನೆಗಳಿಗೂ ಬಂದಿದೆ. ಜಪಾನಿನವರು ಇದನ್ನು ಅಮಿಗುರುಮಿ ಎನ್ನುತ್ತಾರೆ. ಹೆಣಿಗೆ ಎಂಬ ಅರ್ಥದ ‘ಅಮಿ’ಯೂ ತುಂಬಿದ ಬೊಂಬೆ ಎಂಬ ಅರ್ಥದ ‘ನುಯಿಗುರುಮಿ’ಯೂ ಸೇರಿ ಆದ ಹೆಸರು ಅದು. ಹೆಸರು ನಮಗೆ ಹೊಸದಾದರೂ ಕಡ್ಡಿ ಹೊಸದಲ್ಲ. ಬಾಗಿಲ ತೋರಣ, ಟೀವಿಯ ಹೊದಿಕೆ, ಕೂಸಿನ ಕುಲಾವಿ, ನಮಾಝಿನ ಟೋಪಿ ಹೆಣೆದ ಕೈಗಳೇ ಈಗ ಮೊಲವನ್ನೂ ಹೆಣೆಯುತ್ತಿವೆ.

ಈ ಪುಟ್ಟ ಮೊಲದ ಸುತ್ತ ಎರಡು ಪ್ರಶ್ನೆಗಳು ಕೇಳಿಬರುತ್ತವೆ. ಒಂದನ್ನು ನಮ್ಮ ಮುಸ್ಲಿಂ ಮನೆಗಳಲ್ಲಿ ಕೇಳುತ್ತಾರೆ: ಜೀವವಿರುವ ಪ್ರಾಣಿಯ ರೂಪವನ್ನು ಕೈಯಾರೆ ಮಾಡಬಹುದೇ? ಇನ್ನೊಂದನ್ನು ಎಲ್ಲ ಮನೆಗಳಲ್ಲೂ ಕೇಳುತ್ತಾರೆ: ಇಷ್ಟು ಸಣ್ಣದಕ್ಕೆ ಇಷ್ಟೊಂದು ದುಡ್ಡಾ? ಮೊದಲನೆಯದನ್ನು ನಾವು ಧರ್ಮದ ಪ್ರಶ್ನೆ ಎಂದುಕೊಂಡಿದ್ದೇವೆ, ಎರಡನೆಯದನ್ನು ಬರೀ ಚೌಕಾಸಿ ಎಂದುಕೊಂಡಿದ್ದೇವೆ. ನನಗನ್ನಿಸುವುದು ಎರಡೂ ಧರ್ಮದ ಪ್ರಶ್ನೆಗಳೇ. ಮಾತ್ರವಲ್ಲ, ಎರಡರಲ್ಲಿ ಹೆಚ್ಚು ತೂಕದ್ದು ಎರಡನೆಯದೇ.

ಮೊದಲು ಕೆಲಸವನ್ನು ನೋಡೋಣ. ನೂಲಿನ ಒಂದು ಬಳೆ ಮಾಡಿ ಅದರೊಳಗೆ 6 ಕುಣಿಕೆ ಹಾಕುತ್ತಾರೆ. ಎರಡನೇ ಸುತ್ತಿನಲ್ಲಿ ಒಂದೊಂದು ಕುಣಿಕೆಗೂ ಎರಡೆರಡು ಹಾಕಿದರೆ 12. ಮುಂದಿನ ಸುತ್ತುಗಳಲ್ಲಿ 18, 24, 30, 36. ಹೀಗೆ ಸುತ್ತಿಗೆ ಆರಾರು ಹೆಚ್ಚಿಸುತ್ತಾ ಹೋದರೆ ಚಪ್ಪಟೆ ಬಿಲ್ಲೆಯಾಗುತ್ತದೆ. ಹೆಚ್ಚಿಸುವುದನ್ನು ನಿಲ್ಲಿಸಿ ಅಷ್ಟಷ್ಟೇ ಕುಣಿಕೆ ಹಾಕುತ್ತಾ ಹೋದರೆ ಬಿಲ್ಲೆಯ ಅಂಚು ಬಾಗಿ ಬಟ್ಟಲಾಗುತ್ತದೆ. ಆಮೇಲೆ ಅದೇ ಲೆಕ್ಕದಲ್ಲಿ ಇಳಿಸುತ್ತಾ ಬಂದರೆ ಬಟ್ಟಲಿನ ಬಾಯಿ ಕಿರಿದಾಗುತ್ತದೆ. ಪೂರ್ತಿ ಮುಚ್ಚುವ ಮೊದಲು ಹತ್ತಿ ತುಂಬಿದರೆ ಅದೇ ಮೊಲದ ತಲೆ. ಸುತ್ತುಗಳು ಎಲ್ಲೂ ಕೂಡದೆ ಬಸವನ ಹುಳುವಿನ ಚಿಪ್ಪಿನಂತೆ ಒಂದರ ಮೇಲೊಂದು ಏರುವುದರಿಂದ ಸುತ್ತು ಎಲ್ಲಿ ಶುರುವಾಯಿತೆಂದು ಗುರುತಿಗೆ ಬೇರೆ ಬಣ್ಣದ ತುಂಡುನೂಲು ಸಿಕ್ಕಿಸಿಕೊಳ್ಳುತ್ತಾರೆ. ಮಾತಿನ ನಡುವೆ ಲೆಕ್ಕ ತಪ್ಪಿದರೆ ಮೊಲದ ಕೆನ್ನೆ ಒಂದು ಕಡೆ ಊದಿಕೊಳ್ಳುತ್ತದೆ. ಆಗ ಬಿಚ್ಚಬೇಕು. ಕ್ರೋಷಾದಲ್ಲಿ ಕಡ್ಡಿಯ ಮೇಲೆ ಜೀವಂತವಾಗಿರುವುದು ಒಂದೇ ಕುಣಿಕೆ. ಅದನ್ನು ಬಿಟ್ಟು ನೂಲೆಳೆದರೆ ಒಂದು ಗಂಟೆಯ ದುಡಿಮೆ ಒಂದು ನಿಮಿಷದಲ್ಲಿ ಮಡಿಲಿಗೆ ಬೀಳುತ್ತದೆ.

ಇಲ್ಲೊಂದು ಗಮನಿಸುವ ಸಂಗತಿ ಇದೆ. ನಮಾಝಿನ ದುಂಡು ಟೋಪಿ ಹೆಣೆಯುವ ಕ್ರಮವೂ ಇದೇ. ನಡುವಿನ ಬಳೆಯಿಂದ ಶುರುಮಾಡಿ, ಬಿಲ್ಲೆ ತಲೆಯಗಲ ಆಗುವತನಕ ಹೆಚ್ಚಿಸಿ, ಆಮೇಲೆ ಹೆಚ್ಚಿಸದೆ ಕೆಳಗಿಳಿಸುವುದು. ಬಾಯಿ ತೆರೆದೇ ಇದ್ದರೆ ಟೋಪಿ, ಮುಚ್ಚಿದರೆ ಮೊಲದ ತಲೆ. ಒಂದೇ ಕಡ್ಡಿ, ಒಂದೇ ಕೈ, ಒಂದೇ ಲೆಕ್ಕ. ಆದರೆ ಟೋಪಿ ಹೆಣೆಯುವಾಗ “ಮಾಶಾ ಅಲ್ಲಾಹ್” ಎಂದವರು ಮೊಲ ಹೆಣೆಯುವಾಗ ಹುಬ್ಬೇರಿಸುತ್ತಾರೆ.

ಅವರ ಸಂಕೋಚವನ್ನು ಹಗುರವಾಗಿ ಕಾಣಬಾರದು. ಜೀವಿಗಳ ರೂಪ ಮಾಡುವುದರ ಬಗ್ಗೆ ಇಸ್ಲಾಮಿನಲ್ಲಿ ಕಟ್ಟುನಿಟ್ಟಾದ ಎಚ್ಚರಿಕೆಗಳಿವೆ. ಮನುಷ್ಯ ತಾನು ಮಾಡಿದ್ದಕ್ಕೇ ತಲೆಬಾಗಿಬಿಡುತ್ತಾನೆ ಎಂಬ ಭಯ ಅದರ ಹಿಂದಿದೆ. ಸೃಷ್ಟಿಕರ್ತನ ಜೊತೆ ಪೈಪೋಟಿಗೆ ಇಳಿಯುವ ಅಹಂಕಾರದ ಬಗೆಗಿನ ಎಚ್ಚರವೂ ಇದೆ. ಆದರೆ ಅದೇ ಪರಂಪರೆ ಮಕ್ಕಳ ಆಟಿಕೆಯ ಮುಂದೆ ಬಂದಾಗ ದನಿ ತಗ್ಗಿಸುತ್ತದೆ. ಹಝ್ರತ್ ಆಯಿಷಾ(ರ) ಬೊಂಬೆಗಳೊಂದಿಗೆ ಆಡುತ್ತಿದ್ದುದನ್ನು, ಜೊತೆಗಾತಿಯರು ನಾಚಿ ಅಡಗಿಕೊಂಡಾಗ ಪ್ರವಾದಿ(ಸ) ತಾವೇ ಅವರನ್ನು ಆಟಕ್ಕೆ ಕಳಿಸುತ್ತಿದ್ದುದನ್ನು ಬುಖಾರಿಯ ಹದೀಸ್ ಸಂಗ್ರಹ ದಾಖಲಿಸಿದೆ. ಅಬೂ ದಾವೂದರ ಸಂಗ್ರಹದಲ್ಲಿ ಇನ್ನೊಂದು ಪ್ರಸಂಗವಿದೆ. ಗಾಳಿಗೆ ಪರದೆ ಸರಿದು ಗೂಡಿನಲ್ಲಿಟ್ಟ ಬೊಂಬೆಗಳು ಕಾಣುತ್ತವೆ. ಅವುಗಳ ನಡುವೆ ಚಿಂದಿಯ ರೆಕ್ಕೆ ಕಟ್ಟಿದ ಒಂದು ಕುದುರೆ. ಕುದುರೆಗೆಲ್ಲಿ ರೆಕ್ಕೆ ಎಂದು ಪ್ರವಾದಿ(ಸ) ಕೇಳುತ್ತಾರೆ. ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆ ಇತ್ತೆಂಬುದನ್ನು ನೀವು ಕೇಳಿಲ್ಲವೇ ಎಂದು ಆಯಿಷಾ(ರ) ಮರುಪ್ರಶ್ನೆ ಹಾಕುತ್ತಾರೆ. ದವಡೆ ಹಲ್ಲು ಕಾಣುವಷ್ಟು ಪ್ರವಾದಿಯವರು(ಸ) ನಕ್ಕರೆಂದು ಆ ವರದಿ ಹೇಳುತ್ತದೆ. ಇಂಥ ವರದಿಗಳ ಆಧಾರದಲ್ಲಿಯೇ ಬಹುಪಾಲು ಧರ್ಮಶಾಸ್ತ್ರಜ್ಞರು ಮಕ್ಕಳ ಆಟಿಕೆಗೆ ವಿನಾಯಿತಿ ಕೊಟ್ಟರು. ಒಪ್ಪದವರೂ ಇದ್ದರು, ಈಗಲೂ ಇದ್ದಾರೆ. ಮನಸ್ಸು ಒಪ್ಪದವರು ಮಾಡದಿರಲಿ, ಅದು ಅವರ ನಿಯ್ಯತ್ತಿಗೆ ಬಿಟ್ಟದ್ದು. ಆದರೆ ಈ ಪ್ರಶ್ನೆಯನ್ನು ನಮ್ಮ ಹಿರಿಯರು ಕೇಳಿದ್ದಾರೆ, ಚರ್ಚಿಸಿದ್ದಾರೆ, ಉತ್ತರವನ್ನೂ ಕೊಟ್ಟಿದ್ದಾರೆ ಎನ್ನುವುದು ನೆನಪಿರಲಿ.

ಉಲ್ಲನ್ ಮೊಲಕ್ಕೆ ಇದಕ್ಕಿಂತ ಹತ್ತಿರವಾದ ಇನ್ನೊಂದು ಪ್ರಸಂಗವಿದೆ. ಮದೀನಾದ ಅನ್ಸಾರಿ ಮಹಿಳೆ ರುಬಯ್ಯಿ ಬಿಂತ್ ಮುಅವ್ವಿದ್(ರ) ಆಶೂರಾ ಉಪವಾಸದ ದಿನಗಳನ್ನು ನೆನೆದು ಹೇಳಿದ ಮಾತು ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿದೆ. ಮಕ್ಕಳಿಗೂ ಉಪವಾಸ ರೂಢಿ ಮಾಡಿಸುತ್ತಿದ್ದ ತಾಯಂದಿರು ಅವರಿಗಾಗಿ ಉಣ್ಣೆಯ ಆಟಿಕೆ ಮಾಡಿಡುತ್ತಿದ್ದರಂತೆ. ಹಸಿವಿನಿಂದ ಮಗು ಅತ್ತಾಗ ಅದನ್ನು ಕೈಗೆ ಕೊಟ್ಟು ಇಫ್ತಾರಿನವರೆಗೆ ಹೊತ್ತು ಕಳೆಯುತ್ತಿದ್ದರಂತೆ. ಆ ಆಟಿಕೆಯ ಆಕಾರ ಏನಿತ್ತೆಂದು ವರದಿ ಹೇಳುವುದಿಲ್ಲ. ಆದರೆ ಉಣ್ಣೆಯನ್ನು ಉಂಡೆ ಕಟ್ಟಿ ಮಗುವಿನ ಕೈಗಿಟ್ಟ ಆ ತಾಯಿಗೆ ಒಂದು ವಿಷಯ ಗೊತ್ತಿತ್ತು. ಮಗುವಿನ ಅಳುವಿಗೆ ಅನ್ನವೊಂದೇ ಮದ್ದಲ್ಲ. ಅಪ್ಪಿಕೊಳ್ಳಲು ಮೆತ್ತಗಿನದೊಂದು ಬೇಕು.

ಇದೇ ಸಂಗತಿಯನ್ನು ವಿಜ್ಞಾನ ಬಹಳ ಕ್ರೂರವಾದ ದಾರಿಯಿಂದ ಕಂಡುಕೊಂಡಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ ಮಂಗನ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಎರಡು ಬೊಂಬೆಗಳ ಜೊತೆ ಬಿಟ್ಟರು. ಒಂದು ಬರೀ ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಹೊದಿಸಿದ್ದು. ಹಾಲಿನ ಬಾಟಲಿ ತಂತಿಯ ಬೊಂಬೆಯಲ್ಲಿದ್ದಾಗಲೂ ಮರಿಗಳು ಹಾಲು ಕುಡಿದು ಬಂದು ಬಟ್ಟೆಯ ಬೊಂಬೆಯನ್ನೇ ತಬ್ಬಿಕೊಂಡು ದಿನ ಕಳೆದವು. 1958ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಮರಿಗಳಿಗೆ ಮಾಡಿದ ಅನ್ಯಾಯವನ್ನು ಜಗತ್ತು ಆಮೇಲೆ ಟೀಕಿಸಿತು. ಆದರೆ ಅವು ಕಲಿಸಿದ ಪಾಠ ಉಳಿದುಕೊಂಡಿತು.

ಪ್ರಾಮಾಣಿಕವಾಗಿ ಹೇಳಬೇಕೆಂದರೆ ಈ ಪಾಠ ಕೈಹೆಣಿಗೆಯ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಮಂಗನ ಮರಿಗೆ ಬಟ್ಟೆಯನ್ನು ಯಾರು ನೇಯ್ದರು ಎಂಬುದು ಬೇಕಿರಲಿಲ್ಲ. ನಮ್ಮ ಮಕ್ಕಳಿಗೂ ಬೇಕಿಲ್ಲ. ಅಂಗಡಿಯ ಯಂತ್ರದ ಕರಡಿಯನ್ನೂ, ಅಜ್ಜಿ ಹೆಣೆದ ಮೊಲವನ್ನೂ, ಹಳೆಯ ಸೀರೆಯ ಚಿಂದಿಯನ್ನೂ ಮಗು ಒಂದೇ ಬಿಗಿತದಲ್ಲಿ ಅಪ್ಪಿಕೊಂಡು ಮಲಗುತ್ತದೆ. ಹಾಗಾದರೆ ಕೈಯಿಂದ ಮಾಡಿದ್ದಕ್ಕೆ ವಿಶೇಷ ಬೆಲೆ ಯಾಕೆ? ಬೆಲೆ ಇರುವುದು ಮಗುವಿನ ಅಪ್ಪುಗೆಯಲ್ಲಲ್ಲ, ಹೆಣೆದವರು ಕಳೆದ ಹೊತ್ತಿನಲ್ಲಿ. ಆ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕಾದವರು ದೊಡ್ಡವರಾದ ನಾವು, ಮಗುವಲ್ಲ.

ಲೆಕ್ಕ ಹಾಕಿಯೇ ನೋಡೋಣ. ಮೇಲೆ ಹೇಳಿದ ಮೊಲದ ತಲೆ 36 ಕುಣಿಕೆಯ ಅಗಲಕ್ಕೆ ಏರುವಷ್ಟರಲ್ಲಿ 126 ಕುಣಿಕೆ ಮುಗಿದಿರುತ್ತವೆ. ಅದೇ ಅಗಲದಲ್ಲಿ ಇನ್ನೂ ಆರು ಸುತ್ತು ಹೋದರೆ 216. ಇಳಿಸುತ್ತಾ ಬಂದು ಮುಚ್ಚಲು 90. ತಲೆಯೊಂದಕ್ಕೇ 432 ಕುಣಿಕೆ. ಮೈಗೆ ಹತ್ತಿರ ಹತ್ತಿರ ಅಷ್ಟೇ. ನಾಲ್ಕು ಕಾಲು, ಎರಡು ಕಿವಿ ಸೇರಿದರೆ ಒಟ್ಟು ಸಾವಿರದ ನಾನ್ನೂರರ ಆಸುಪಾಸು. ಒಂದೊಂದು ಕುಣಿಕೆಗೂ ಕಡ್ಡಿ ನೂಲನ್ನು ಎರಡು ಸಲ ಹಿಡಿದೆಳೆಯಬೇಕು. ಆಮೇಲೆ ತುಂಬುವುದು, ಬಿಡಿಭಾಗಗಳನ್ನು ಸೂಜಿಯಿಂದ ಜೋಡಿಸುವುದು. ಪಳಗಿದ ಕೈಗೂ ಐದಾರು ಗಂಟೆ ಬೇಕೇ ಬೇಕು. ಉಲ್ಲನ್ನು, ಹತ್ತಿಗೆ 80 ರೂಪಾಯಿ ಖರ್ಚಾಗಿ ಮೊಲ 250ಕ್ಕೆ ಮಾರಿಹೋಯಿತು ಎಂದಿಟ್ಟುಕೊಳ್ಳಿ. ಉಳಿದ 170ನ್ನು ಆರು ಗಂಟೆಗೆ ಹಂಚಿದರೆ ಗಂಟೆಗೆ 28 ರೂಪಾಯಿ. ಇದರ ಮೇಲೂ “ಏನಕ್ಕಾ, ಮನೇಲಿ ಕೂತು ಹೆಣೆದದ್ದು ತಾನೆ, ಇನ್ನೂರಕ್ಕೆ ಕೊಡಿ” ಎನ್ನುವವರಿದ್ದಾರೆ. ಆಗ ಗಂಟೆಗೆ 20 ರೂಪಾಯಿ.

‘ಮನೇಲಿ ಕೂತು ಹೆಣೆದದ್ದು ತಾನೆ’ ಎಂಬ ಈ ಮಾತಿನ ಚರಿತ್ರೆ ದೊಡ್ಡದು. ಹೆಣಿಗೆಯ ಲೋಕದಲ್ಲಿ ಕ್ರೋಷಾಗೆ ಒಂದು ವಿಚಿತ್ರ ಸ್ಥಾನವಿದೆ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಗೆ ಇಂಗ್ಲೆಂಡಿನ ವಿಲಿಯಂ ಲೀ 1589ರಷ್ಟು ಹಿಂದೆಯೇ ಯಂತ್ರ ಕಂಡುಹಿಡಿದ. ಆದರೆ ಕೊಕ್ಕೆಕಡ್ಡಿಯ ನಿಜವಾದ ಕ್ರೋಷಾವನ್ನು ಕಾರ್ಖಾನೆಯಲ್ಲಿ ರಾಶಿರಾಶಿ ಮಾಡಿಹಾಕುವ ಯಂತ್ರ ಇನ್ನೂ ಬಳಕೆಗೆ ಬಂದಿಲ್ಲ. ಪ್ರಯೋಗಾಲಯಗಳಲ್ಲಿ ಪ್ರಯತ್ನಗಳು ನಡೆದಿವೆ, ಅಷ್ಟೇ. ಇದರ ಅರ್ಥವೇನು? ದೊಡ್ಡ ಅಂಗಡಿಯಲ್ಲಿ ನೇತುಹಾಕಿದ ಕ್ರೋಷಾದ ಮೊಲ ಎಷ್ಟೇ ಅಗ್ಗವಾಗಿರಲಿ, ಅದನ್ನು ಎಲ್ಲೋ ಒಬ್ಬರು ಕೂತು ಒಂದೊಂದೇ ಕುಣಿಕೆ ಎಣಿಸಿ ಹೆಣೆದಿದ್ದಾರೆ. ಬೇರೆ ಸಾಮಾನು ಅಗ್ಗವಾದರೆ ಯಂತ್ರದ ಕೃಪೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಕ್ರೋಷಾ ಅಗ್ಗವಾದರೆ ಅದು ಯಾರದೋ ಕೂಲಿಯಲ್ಲಿ ಕಡಿದದ್ದು.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಭೀಕರ ಕ್ಷಾಮ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು. ಆಗ ಕ್ರೈಸ್ತ ಸನ್ಯಾಸಿನಿಯರೂ ಪಾದ್ರಿಗಳ ಹೆಂಡತಿಯರೂ ಬಡ ಹೆಂಗಸರಿಗೆ ಕ್ರೋಷಾ ಲೇಸು ಕಲಿಸಿ ಅದರ ದುಡ್ಡಿನಿಂದ ಒಲೆ ಉರಿಯುವಂತೆ ಮಾಡಿದರು. ಅದೇ ಶತಮಾನದ ನಡುಭಾಗದಲ್ಲಿ ಮಿಷನರಿಗಳ ಮೂಲಕ ಈ ಕಸುಬು ನಮ್ಮ ನೆರೆಯ ಆಂಧ್ರದ ಗೋದಾವರಿ ತೀರದ ನರಸಾಪುರಕ್ಕೂ ಬಂತು. ಕ್ಷಾಮ ಕಳೆದ ಮೇಲೂ ಕಸುಬು ಉಳಿಯಿತು, ವ್ಯಾಪಾರ ಬೆಳೆಯಿತು, ಲೇಸು ಸಮುದ್ರ ದಾಟಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿ ಅಧ್ಯಯನ ನಡೆಸಿ 1982ರಲ್ಲಿ ನರಸಾಪುರದ ಲೇಸು ಕಸುಬಿನ ಹೆಂಗಸರ ಬಗ್ಗೆ ಪುಸ್ತಕ ಪ್ರಕಟಿಸಿದರು. ಅವರು ಎತ್ತಿ ತೋರಿಸಿದ ಸತ್ಯ ಸರಳವಾದದ್ದು. ದಿನದ ಹಲವು ಗಂಟೆ ಲೇಸು ಹೆಣೆಯುತ್ತಿದ್ದ ಆ ಹೆಂಗಸರನ್ನು ಯಾರೂ ಕೆಲಸಗಾರರೆಂದು ಎಣಿಸಲಿಲ್ಲ. ಅವರು ಗೃಹಿಣಿಯರು, ಹೆಣಿಗೆ ಅವರ ಬಿಡುವಿನ ಹವ್ಯಾಸ. ಅವರು ಹೆಣೆದದ್ದನ್ನು ಮಾರಿದ ಗಂಡಸರು ಮಾತ್ರ ವ್ಯಾಪಾರಿಗಳು, ರಫ್ತುದಾರರು. 2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಊರಿಗೆ ಗುರುತು ಸಿಕ್ಕಿದ್ದು ಸಂತೋಷವೇ. ಹೆಣೆದವಳಿಗೆ?

ಈ ಮಾತು ಕರಾವಳಿಯ ಓದುಗರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿ ಮೊರದ ಮುಂದೆ ಕೂತು ಬೀಡಿ ಸುತ್ತಿದ ಹೆಂಗಸರು ಮಕ್ಕಳನ್ನು ಓದಿಸಿದ್ದಾರೆ, ಮದುವೆ ಮಾಡಿಸಿದ್ದಾರೆ, ಮನೆ ಕಟ್ಟಿಸಿದ್ದಾರೆ. ಅದೂ ಮನೆಯಲ್ಲಿ ಕೂತು ಮಾಡಿದ ಕೆಲಸವೇ. ಆದರೆ 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಸುತ್ತುವವಳನ್ನೂ ಕಾರ್ಮಿಕಳೆಂದೇ ಕರೆಯಿತು. ಅದರಿಂದ ಎಲ್ಲರ ಕಷ್ಟ ತೀರಲಿಲ್ಲ ನಿಜ, ಕೇಳಲು ಒಂದು ಹಕ್ಕಂತೂ ಸಿಕ್ಕಿತು. ಮನೆಯಲ್ಲಿ ಮಾಡುವ ಕೆಲಸವೂ ಕೆಲಸವೇ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1996ರಲ್ಲಿ ಪ್ರತ್ಯೇಕ ಒಪ್ಪಂದವನ್ನೇ ಮಾಡಿತು. ಭಾರತ ಅದನ್ನು ಅನುಮೋದಿಸಿಲ್ಲ. ಎದೆ ಸುಡುವ ಬೀಡಿಯನ್ನು ಸುತ್ತಿದವಳು ಕಾರ್ಮಿಕಳು. ಮಗುವಿನ ಎದೆಗೊರಗುವ ಮೊಲವನ್ನು ಹೆಣೆದವಳು ಬರೀ ‘ಶೌಕಿನವಳು’. ಇದು ಎಲ್ಲಿಯ ನ್ಯಾಯ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ಕೇಳಿಸಿಕೊಳ್ಳಬೇಕು. ಎಲ್ಲಕ್ಕೂ ಗಂಟೆಯ ಲೆಕ್ಕ ಹಿಡಿದರೆ ಪ್ರೀತಿಗೆ ಜಾಗವೆಲ್ಲಿ? ಬಾಣಂತಿಗೆ ಕುಲಾವಿ ಹೆಣೆದುಕೊಟ್ಟ ಖಾಲಾ ಚೀಟಿ ಬರೆದು ಕೊಟ್ಟರೆ ಹೇಗಿರುತ್ತದೆ? ಬಹಳ ಹೆಂಗಸರು ದುಡ್ಡಿಗಾಗಿ ಹೆಣೆಯುವುದೇ ಇಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಸಿಗುವ ಆ ಒಂದು ಗಂಟೆ ಅವರಿಗೆ ತಮ್ಮದೇ ಆದ ಹೊತ್ತು. ಕುಣಿಕೆ ಎಣಿಸುತ್ತಿದ್ದರೆ ಮನಸ್ಸಿನ ತಳಮಳ ಇಳಿಯುತ್ತದೆ ಎನ್ನುತ್ತಾರೆ. ಆ ನೆಮ್ಮದಿಗೂ ಬೆಲೆಪಟ್ಟಿ ಅಂಟಿಸಬೇಕೇ?

ಬೇಕಿಲ್ಲ. ದಾನ ಕೊಡುವ ಕೈ ದೊಡ್ಡದು. ಡೆನ್ಮಾರ್ಕಿನಲ್ಲಿ 2013ರಿಂದ ಸ್ವಯಂಸೇವಕರು ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗಾಗಿ ಎಂಟು ಕಾಲಿನ ಪುಟ್ಟ ಆಕ್ಟೋಪಸ್‌ಗಳನ್ನು ಕ್ರೋಷಾದಲ್ಲಿ ಹೆಣೆದು ಆಸ್ಪತ್ರೆಗಳಿಗೆ ಉಚಿತವಾಗಿ ಕೊಡತೊಡಗಿದರು. ಸುರುಳಿಯಾದ ಆ ಕಾಲುಗಳನ್ನು ಹಿಡಿದುಕೊಂಡ ಕೂಸು ಮೈಗೆ ಚುಚ್ಚಿದ ನಳಿಗೆಗಳನ್ನು ಎಳೆಯುವುದಿಲ್ಲ ಎಂಬುದು ಅವರ ನಂಬಿಕೆ. ಇದಕ್ಕೆ ವೈದ್ಯಕೀಯ ಪುರಾವೆ ಗಟ್ಟಿಯಾಗಿಲ್ಲ. ಆದರೂ ಯಾರೋ ಮುಖ ನೋಡದ ತಾಯಿಯೊಬ್ಬಳು ಆ ಆಕ್ಟೋಪಸನ್ನು ಕಂಡು ನಮ್ಮ ಕೂಸಿಗಾಗಿ ಇನ್ನೊಬ್ಬರು ಕೂತು ಹೆಣೆದರಲ್ಲ ಎಂದುಕೊಂಡಿದ್ದರೆ ಅದು ಸಣ್ಣ ಸಂಗತಿಯಲ್ಲ.

ಆದರೆ ಒಂದು ಅಂತರವನ್ನು ಮರೆಯಬಾರದು. ಉಚಿತವಾಗಿ ಕೊಡುವ ಹಕ್ಕು ಕೊಡುವವರದು, ತೆಗೆದುಕೊಳ್ಳುವವರದಲ್ಲ. ಖಾಲಾ ತಾನಾಗಿ ಕೊಟ್ಟರೆ ಅದು ಪ್ರೀತಿ. “ಪ್ರೀತಿಯಿಂದ ಮಾಡುವವಳಿಗೆ ದುಡ್ಡೇಕೆ” ಎಂದು ನಾವೇ ತೀರ್ಮಾನಿಸಿದರೆ ಅದು ಕಸಿದುಕೊಳ್ಳುವುದು. ಅದರಲ್ಲೂ ಆಕೆ ಮೊಲವನ್ನು ಮಾರಲು ಇಟ್ಟಿದ್ದರೆ, ಅದರ ಹಿಂದೆ ಮಗನ ಶಾಲೆಯ ಫೀಸೋ ಅತ್ತೆಯ ಮಾತ್ರೆಯೋ ಇದ್ದಿರಬಹುದು. ಆಕೆಯ ಪ್ರೀತಿಯನ್ನು ಹೊಗಳುತ್ತಲೇ ಕೂಲಿಯನ್ನು ಕಡಿಯುವುದು ನಮ್ಮ ಸಮಾಜ ಚೆನ್ನಾಗಿ ಕಲಿತ ವಿದ್ಯೆ. ಅಡುಗೆ, ಹೆರಿಗೆ, ಆರೈಕೆ ಎಲ್ಲವನ್ನೂ ಹೊಗಳಿಕೆಯಲ್ಲೇ ತೀರಿಸಿಬಿಟ್ಟವರಿಗೆ ಮೊಲವೊಂದು ಯಾವ ಲೆಕ್ಕ!

ದುಡಿದವರ ಬೆವರು ಆರುವ ಮುನ್ನ ಕೂಲಿ ಕೈಸೇರಬೇಕೆಂದು ಪ್ರವಾದಿ(ಸ) ಹೇಳಿದ್ದನ್ನು ನಾವು ಭಾಷಣಗಳಲ್ಲಿ ಬಹಳ ಸಲ ಕೇಳಿದ್ದೇವೆ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್ತಿನ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಎಚ್ಚರಿಕೆಯೂ ಬುಖಾರಿಯಲ್ಲಿದೆ. ಕೂಲಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಮಣ್ಣು ಹೊರುವವನು, ಗೋಡೆ ಕಟ್ಟುವವನು. ಫ್ಯಾನಿನ ಕೆಳಗೆ ಕೂತು ನೂಲು ಹಿಡಿದವಳ ಬೆವರು ಕಾಣುವುದಿಲ್ಲ. ಆಕೆಯದು ಬೆರಳಿನ ಗಿಣ್ಣಿನ ನೋವು, ಹೆಬ್ಬೆರಳಿನ ಬುಡದ ಸೆಳೆತ, ಕತ್ತಿನ ಹಿಂದಿನ ಉರಿ.

ಕುರ್‌ಆನಿನ ‘ನಹ್ಲ್’ ಅಧ್ಯಾಯದ 92ನೆಯ ವಚನದಲ್ಲಿ ಒಬ್ಬಳು ಹೆಂಗಸಿನ ಹೋಲಿಕೆ ಬರುತ್ತದೆ. ಗಟ್ಟಿಯಾಗಿ ನೂತ ನೂಲನ್ನು ತಾನೇ ಎಳೆಯೆಳೆಯಾಗಿ ಬಿಚ್ಚಿಹಾಕುವವಳು ಅವಳು. ಅವಳಂತಾಗಬೇಡಿ ಎಂಬ ಆ ಬುದ್ಧಿಮಾತು ಕೊಟ್ಟ ಮಾತನ್ನು ಮುರಿಯುವವರಿಗೆ. ಹೆಣಿಗೆಯವಳು ತಪ್ಪಿದ ಸುತ್ತನ್ನು ಬಿಚ್ಚಿ ಮತ್ತೆ ಹೆಣೆಯುವುದು ಈ ಹೋಲಿಕೆಯಲ್ಲಿ ಬರುವುದಿಲ್ಲ. ಅದು ಸರಿಪಡಿಸುವ ಕೆಲಸ. ಒಂದು ಬೆಲೆ ಒಪ್ಪಿ ಮಾಡಿಸಿಕೊಂಡು, ಮೊಲ ಕೈಗೆ ಬಂದ ಮೇಲೆ “ಇಷ್ಟೇ ಸಣ್ಣದಾ” ಎಂದು ಇಳಿಸುವವರಿಗೆ, ಹತ್ತು ಮೊಲ ಹೇಳಿ ಆರನ್ನಷ್ಟೇ ಒಯ್ಯುವವರಿಗೆ ಆ ವಚನ ತಾಕಬೇಕು. ಗಟ್ಟಿಯಾದದ್ದನ್ನು ಬಿಚ್ಚುವವರು ಅವರು.

ಹಾಗೆಂದು ಕೊಳ್ಳುವವರೆಲ್ಲ ಸಿರಿವಂತರಲ್ಲ. ದಿನಗೂಲಿಯ ತಂದೆಯೊಬ್ಬ ಸಂತೆಯಲ್ಲಿ ಮಗಳಿಗೆ ಐವತ್ತು ರೂಪಾಯಿಯ ಯಂತ್ರದ ಕರಡಿ ಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ, ಮಗಳ ಅಪ್ಪುಗೆಯೂ ಕಡಿಮೆಯಾಗುವುದಿಲ್ಲ. ಕೈಹೆಣಿಗೆಯ ಮೊಲವನ್ನು ಕೊಳ್ಳಲೇಬೇಕೆಂಬ ಕಟ್ಟಳೆ ಯಾರ ಮೇಲೂ ಇಲ್ಲ. ಕೊಳ್ಳುವುದಾದರೆ ಅದರ ಹೊತ್ತಿಗೆ ಬೆಲೆ ಕೊಡಬೇಕು. ಕೊಡಲಾಗದಿದ್ದರೆ ಚೆನ್ನಾಗಿದೆ ಎಂದು ಹೇಳಿ ಮುಂದೆ ಹೋಗಬೇಕು. ಹೆಣೆಯುವವರಿಗೂ ಒಂದು ಮಾತು. ಎಷ್ಟು ಗಂಟೆ ಹಿಡಿಯಿತೆಂದು ಒಂದು ಚೀಟಿಯಲ್ಲಿ ಬರೆದಿಡಿ. ಬೆಲೆ ಹೇಳುವಾಗ ದನಿ ಕುಗ್ಗಿಸಬೇಡಿ. ಬಿಟ್ಟುಕೊಡುವುದಾದರೆ ಎಷ್ಟು ಬಿಟ್ಟುಕೊಟ್ಟೆ ಎಂದು ತಿಳಿದು ಬಿಟ್ಟುಕೊಡಿ. ಆಗ ಅದು ನಿಜವಾದ ಉಡುಗೊರೆಯಾಗುತ್ತದೆ.

ಮೊಲಕ್ಕೆ ಕಣ್ಣಿಡುವುದು ಬಹುತೇಕ ಕೊನೆಯ ಕೆಲಸ. ಚಿಕ್ಕ ಮಕ್ಕಳ ಆಟಿಕೆಗೆ ಗುಂಡಿ, ಮಣಿ ಹಾಕಬಾರದು. ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಆದ್ದರಿಂದ ತಿಳಿದವರು ಕರಿನೂಲಿನಲ್ಲಿ ನಾಲ್ಕೈದು ಹೊಲಿಗೆ ಹಾಕಿ ಕಣ್ಣು ಮೂಡಿಸುತ್ತಾರೆ. ಕೆಲವು ಮನೆಗಳಲ್ಲಿ ಕಣ್ಣು ಬೇಡ, ಹಾಗೇ ಕೊಡಿ ಎನ್ನುತ್ತಾರೆ. ಅವರ ಮನಸ್ಸಿನ ನೆಮ್ಮದಿಗೆ ಹಾಗೇ ಆಗಲಿ. ಆದರೆ ಮೊಲಕ್ಕೆ ಕಣ್ಣಿರಬೇಕೋ ಬೇಡವೋ ಎಂದು ಅಷ್ಟು ಜಾಗ್ರತೆಯಿಂದ ಕೇಳುವವರು, ರಾತ್ರಿ ದೀಪದಡಿ ಸಾವಿರದ ನಾನ್ನೂರು ಕುಣಿಕೆ ಎಣಿಸಿದವಳ ಕಣ್ಣು ಹೇಗಿದೆ, ಆಕೆಗೆ ಸಲ್ಲಬೇಕಾದ್ದು ಸಂದಿತೇ ಎಂದೂ ಒಂದು ಮಾತು ಕೇಳಲಿ.